ಕೋಣೆ ಸಿಗಲಿರುವವರು

ಪ್ರವಾಸಿ ಹಡಗಿನಲ್ಲಿ ಪ್ರಯಾಣ ಮಾಡುವ ಮನುಷ್ಯರಲ್ಲಿ ಎರಡು ವರ್ಗಗಳಿವೆ: ಕೋಣೆ ಇರುವವರು ಮತ್ತು ಕೋಣೆ ಸಿಗಲಿರುವವರು. ಮೊದಲನೆಯವರು ಪೂರ್ತಿ ದುಡ್ಡು ಕೊಟ್ಟು, ತಮ್ಮ ಕೋಣೆಯ ನಂಬರನ್ನು ಬಾಯಿಪಾಠ ಮಾಡಿಕೊಂಡು, ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಎರಡನೆಯವರು ರಿಯಾಯಿತಿ ದರದ ಟಿಕೆಟ್ ತೆಗೆದುಕೊಂಡು ಸುಮ್ಮನಿರುತ್ತಾರೆ, ಯಾಕೆಂದರೆ ಹೇಳಿಕೊಳ್ಳಲು ಅವರಿಗೆ ನಂಬರಿಲ್ಲ. ಎರಡು ವರ್ಗದವರನ್ನೂ ಹಡಗು ಒಂದೇ ವೇಗದಲ್ಲಿ ಒಯ್ಯುತ್ತದೆ. ಈ ವಿಷಯದಲ್ಲಿ ಕಂಪನಿ ಯಾವುದೇ ತಾರತಮ್ಯ ಮಾಡುವುದಿಲ್ಲವೆಂದು ಟಿಕೆಟ್ಟಿನ ಹಿಂಭಾಗದಲ್ಲಿ ಅಚ್ಚಾಗಿದೆ.

ನಾನು ಎರಡನೆಯ ವರ್ಗದವನು. ಹೊಗಳಿಕೊಳ್ಳುವ ಚಟ ನನಗಿಲ್ಲ, ನನ್ನ ಪರಿಚಯದವರೆಲ್ಲ ಇದನ್ನು ನನ್ನ ಬಾಯಿಂದಲೇ ಹಲವು ಸಲ ಕೇಳಿದ್ದಾರೆ. ಆದರೆ ಆ ವರ್ಗಕ್ಕೆ ಇವತ್ತು ಸಮುದ್ರದ ಮೇಲೆ ಒಂದಿಷ್ಟು ಮರ್ಯಾದೆ ಇದೆಯಲ್ಲ, ಅದರ ಹಿಂದೆ ಯಾರಿದ್ದಾರೆ ಎಂದು ನೀವು ಕೇಳಿದರೆ ನಾನು ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತೇನೆ. ನೀವೇ ಅರ್ಥ ಮಾಡಿಕೊಳ್ಳಬೇಕು.

ವೃತ್ತಿಯಿಂದ ನಾನು ವಾರಸುದಾರರಿಲ್ಲದ ಸಾಮಾನುಗಳ ಉಗ್ರಾಣದ ಅಧಿಕಾರಿ, ಈಗ ನಿವೃತ್ತ. ಜನ ಬಸ್ಸಿನಲ್ಲಿ, ರೈಲಿನಲ್ಲಿ, ಬಂದರಿನಲ್ಲಿ ಬಿಟ್ಟುಹೋದದ್ದೆಲ್ಲ ನನ್ನ ಹತ್ತಿರ ಬರುತ್ತಿತ್ತು. ಕೊಡೆ, ಕನ್ನಡಕ, ಹಲ್ಲಿನ ಸೆಟ್ಟು, ಒಮ್ಮೆ ಚೌಕಟ್ಟಿನ ಸಮೇತ ಒಂದು ಮನೆಬಾಗಿಲು. ಅದನ್ನು ರೈಲಿನಲ್ಲಿ ಮರೆತವನು ಮನೆಗೆ ಹೋಗಿ ಏನನ್ನು ತೆರೆದು ಒಳಗೆ ಹೋದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸೇವೆಯಲ್ಲಿ ನಾನು ಕಂಡುಕೊಂಡ ಸತ್ಯ ಒಂದೇ. ವಿಳಾಸ ಇರುವ ಸಾಮಾನನ್ನು ಯಾರೂ ನೋಡಿಕೊಳ್ಳುವುದಿಲ್ಲ. ಎತ್ತಿ ಒಗೆಯುತ್ತಾರೆ, ತಲುಪಿತು ಅಂದರೆ ಕೆಲಸ ಮುಗಿಯಿತು. ವಿಳಾಸ ಇಲ್ಲದ್ದು ಮಾತ್ರ ಇಲಾಖೆಯ ತಲೆಯ ಮೇಲೆ ಕೂರುತ್ತದೆ. ಅದನ್ನು ತೇವವಿಲ್ಲದ, ಗಾಳಿ ಬೆಳಕಿರುವ ಜಾಗದಲ್ಲಿ ಇಡಬೇಕು, ಧೂಳು ಒರೆಸಬೇಕು, ಆಗಾಗ ಮಗ್ಗುಲು ಬದಲಾಯಿಸಬೇಕು. ಒಂದು ಗೋಡೆ ಗಡಿಯಾರಕ್ಕೆ ನಾನು ಪ್ರತಿ ಸೋಮವಾರ ತಪ್ಪದೆ ಕೀ ಕೊಡುತ್ತಿದ್ದೆ. ಕೊನೆಗೊಂದು ದಿನ ಅದರ ಒಡೆಯ ಹುಡುಕಿಕೊಂಡು ಬಂದ. ಗಡಿಯಾರ ಓಡುತ್ತಿರುವುದನ್ನು ನೋಡಿ, ಇದು ನನ್ನದಲ್ಲ ಅಂತ ವಾಪಸ್ ಹೋದ.

ನನ್ನ ಹೆಂಡತಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲ್ವಿಚಾರಕಿಯಾಗಿದ್ದವಳು. ಆ ವಿಭಾಗ ನೆಲಮಾಳಿಗೆಯಲ್ಲಿತ್ತು. ಹಗಲೆಲ್ಲ ಟ್ಯೂಬ್‌ಲೈಟು. ಮನೆಗೆ ಬಂದರೆ ಅಡುಗೆಮನೆಯ ಕಿಟಕಿಗೆ ಎದುರಾಗಿ ಪಕ್ಕದ ಕಟ್ಟಡದ ಗೋಡೆ, ಗೋಡೆಗೊಂದು ತುಕ್ಕು ಹಿಡಿದ ಕೊಳವೆ. ಇಷ್ಟು ವರ್ಷ ನನ್ನನ್ನೂ ಆ ಕೊಳವೆಯನ್ನೂ ನೋಡಿಕೊಂಡು ಕಾಲ ಹಾಕಿದವಳು ನಿವೃತ್ತಿಯಾದ ದಿನ ಒಂದೇ ಒಂದು ಬೇಡಿಕೆ ಇಟ್ಟಳು.

"ಸಮುದ್ರ ನೋಡ್ಬೇಕು. ದಡದಲ್ಲಿ ನಿಂತು ಕಾಲು ನೆನೆಸ್ಕೊಂಡು ಬರೋದಲ್ಲ. ಬೆಳಿಗ್ಗೆ ಕಣ್ಣು ಬಿಟ್ರೆ, ದಿಂಬಿಂದ ತಲೆ ಎತ್ತದೆ, ಕಿಟಕಿ ತುಂಬ ಸಮುದ್ರ ಇರ್ಬೇಕು."

ಹೀಗೆ ನಾವು ಹಡಗು ಕಂಪನಿಯ ಬುಕಿಂಗ್ ಕೌಂಟರಿಗೆ ಹೋದೆವು.

"ಖಚಿತ ಕೋಣೆ ಬೇಕಾ ಸರ್, ಅನಿರ್ದಿಷ್ಟ ಕೋಣೆ ಬೇಕಾ?" ಅಂತ ಕೇಳಿದಳು ಕೌಂಟರಿನ ಹುಡುಗಿ.

"ವ್ಯತ್ಯಾಸ ಏನಮ್ಮ?"

"ಖಚಿತದಲ್ಲಿ ನಿಮ್ಮ ಕೋಣೆ ಯಾವ್ದು ಅಂತ ನಿಮಗೆ ಗೊತ್ತಿರುತ್ತೆ. ಅನಿರ್ದಿಷ್ಟದಲ್ಲಿ ನಿಮಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಅದಕ್ಕೇ ರಿಯಾಯಿತಿ."

"ಯಾರಿಗೂ ಗೊತ್ತಿಲ್ದೇ ಇರೋದು ಅಗ್ಗವಾ?"

"ಹೌದು ಸರ್. ಗೊತ್ತು ಮಾಡ್ಕೊಳ್ಳೋಕೆ ಕಂಪನಿಗೆ ಖರ್ಚು ಬರುತ್ತೆ."

"ಕಿಟಕಿ?" ಅಂದಳು ನನ್ನ ಹೆಂಡತಿ.

"ಖಚಿತದಲ್ಲಿ ಕಿಟಕಿ ಖಚಿತ ಮೇಡಂ. ಅನಿರ್ದಿಷ್ಟದಲ್ಲಿ ಕಿಟಕಿ ಸಿಗೋ ಸಾಧ್ಯತೆಯನ್ನ ಕಂಪನಿ ತಳ್ಳಿಹಾಕಲ್ಲ."

"ಕೇಳಿದ್ಯಾ? ತಳ್ಳಿಹಾಕಲ್ವಂತೆ!" ಅಂದೆ. "ನಮ್ಮ ಇಲಾಖೆಯವರು ನನ್ನ ಬಡ್ತಿಯನ್ನೂ ಕೊನೇವರೆಗೆ ತಳ್ಳಿಹಾಕಿರಲಿಲ್ಲ."

"ಬಂತಾ?"

ಇಂಥ ಪ್ರಶ್ನೆಗಳಿಗೆ ನಾನು ಸಾರ್ವಜನಿಕ ಸ್ಥಳದಲ್ಲಿ ಉತ್ತರಿಸುವುದಿಲ್ಲ. ರಿಯಾಯಿತಿಯ ಟಿಕೆಟ್ಟನ್ನೇ ತೆಗೆದುಕೊಂಡೆ. ವಿಳಾಸವಿಲ್ಲದವನನ್ನು ಹಡಗು ಹೇಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತದೆ ಅನ್ನುವುದನ್ನು ಅವಳಿಗೆ ಬಸ್ಸಿನಲ್ಲಿ ಮನೆಯವರೆಗೂ ವಿವರಿಸಿದೆ. ಅವಳು ಇಳಿಯುವ ಮುಂಚೆ ತನ್ನ ಷರತ್ತನ್ನು ಹೇಳಿದಳು.

"ಕಿಟಕಿ ಇಲ್ಲದ ಕೋಣೆ ಕೊಟ್ರೆ ನಾನು ಸೀದಾ ಅಕ್ಕನ ಕೋಣೆಗೆ ಹೋಗಿ ಮಲ್ಕೋತೀನಿ. ನೀವು ಭಾವನ ಜೊತೆ ಇರಿ."

ನಾನು ಬಸ್ಸಿನಿಂದ ಇಳಿಯುವುದನ್ನೇ ಮರೆತೆ.

ಭಾವ ಎಂದರೆ ಅವಳ ಅಕ್ಕನ ಗಂಡ, ನನ್ನ ಷಡ್ಡಕ. ಅವರೂ ಅತ್ತಿಗೆಯೂ ಅದೇ ಹಡಗಿಗೆ ಕಿಟಕಿಯಿರುವ ಖಚಿತ ಕೋಣೆಯನ್ನು ಪೂರ್ತಿ ದರದಲ್ಲಿ ಕಾದಿರಿಸಿದ್ದರು. ಷಡ್ಡಕರು ವಿಮೆ ಮಾರುವವರು. ಯಾರಾದರೂ ಆರೋಗ್ಯವೇ ಅಂತ ಕೇಳಿದರೂ "ಈ ಕ್ಷಣಕ್ಕೆ, ಷರತ್ತುಗಳಿಗೊಳಪಟ್ಟು" ಅನ್ನುತ್ತಾರೆ. ಮಲಗಿದಾಗ ಅವರ ಗೊರಕೆ ಎರಡು ಕಂತುಗಳಲ್ಲಿ ಬರುತ್ತದೆ, ನಡುವಿನ ಅವಧಿಯಲ್ಲಿ ಎದ್ದು ಕೂತು ಪಾಲಿಸಿ ವಿವರಿಸುತ್ತಾರೆ. ಅವರೊಂದಿಗೆ ವಾರವಿಡೀ ಒಂದೇ ಕೋಣೆಯಲ್ಲಿ ಇರುವುದಕ್ಕಿಂತ ನಾನು ಹಡಗಿನ ಹಿಂದೆ ಈಜಿಕೊಂಡು ಬರಬಲ್ಲೆ. ಈಜು ನನಗೆ ಬರುತ್ತದೆ ಅಂತಲ್ಲ, ಬೇಕಾದರೆ ಆಗಲೇ ಕಲಿಯಬಲ್ಲೆ.

"ನಂಬರ್ ಎಷ್ಟು ನಿಮ್ಮದು?" ಅಂತ ಬಂದರಿನಲ್ಲೇ ಶುರು ಮಾಡಿದರು ಷಡ್ಡಕರು.

"ಸಿಗಲಿದೆ," ಅಂದೆ.

"ನಂಬರ್ ಇಲ್ಲದ ಮನುಷ್ಯ ಹಡಗಿನಲ್ಲಿ ಸಾಮಾನಿಗೆ ಸಮ ಕಣ್ರೀ ಷಡ್ಡಕರೇ!"

ಅವರು ಬೈಯಲು ಹೇಳಿದ ಮಾತು. ಆದರೆ ಸಾಮಾನಿನ ವಿಷಯದಲ್ಲಿ ಎದುರಿಗೆ ನಿಂತಿರುವವನು ಯಾರು ಅನ್ನುವುದನ್ನು ಆ ಮಹಾನುಭಾವರು ಮರೆತಿದ್ದರು. ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು.

ಖಚಿತ ವರ್ಗದವರಿಗೆ ಬೀಗದ ಕೈ ಕೊಟ್ಟು ದಾರಿ ತೋರಿಸಿದರು. ಅವರು ತಮ್ಮ ಪೆಟ್ಟಿಗೆಗಳನ್ನು ತಾವೇ ಎಳೆದುಕೊಂಡು ಏದುಸಿರು ಬಿಡುತ್ತಾ ಹೋದರು. ಅವರ ಬಗ್ಗೆ ಹಡಗಿನ ಕೆಲಸ ಅಲ್ಲಿಗೆ ಮುಗಿಯಿತು. ಅನಿರ್ದಿಷ್ಟ ವರ್ಗದವರು ನಾವು ಏಳೆಂಟು ಜೋಡಿ ಇದ್ದೆವು. ನಮ್ಮನ್ನು ವಸತಿ ಅಧಿಕಾರಿಯ ಮೇಜಿನೆದುರು ನಿಲ್ಲಿಸಿದರು. ಆತನ ಸಮವಸ್ತ್ರಕ್ಕೆ ಎಂಥ ಗರಿಗರಿ ಇಸ್ತ್ರಿ ಎಂದರೆ, ಆತ ಕೂತಾಗ ಬಟ್ಟೆ ಒಂದು ಕ್ಷಣ ತಡೆದು ಕೂರುತ್ತಿತ್ತು. ನಾನು ಅವರಿಗೆ ಇಸ್ತ್ರಿ ಸಾಹೇಬರು ಅಂತ ಹೆಸರಿಟ್ಟೆ. ಮಧ್ಯಾಹ್ನದೊಳಗೆ ಹಡಗಿನ ಸಿಬ್ಬಂದಿಯೂ ಹಾಗೇ ಕರೆಯತೊಡಗಿದರು.

"ನಿಮಗೆ ಕೋಣೆ ಹಂಚಿಕೆಯಾಗುತ್ತೆ," ಅಂದರು ಇಸ್ತ್ರಿ ಸಾಹೇಬರು.

"ಯಾವಾಗ ಸ್ವಾಮಿ?"

"ಯಾನ ಮುಗಿಯೋದರೊಳಗೆ."

"ಒಳ್ಳೇದು. ಅಲ್ಲೀವರೆಗೆ ನಾವು ಯಾರ ಸುಪರ್ದಿನಲ್ಲಿದ್ದೀವಿ?"

ಸಾಹೇಬರು ಪೆನ್ನು ಕೆಳಗಿಟ್ಟರು. ಈ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ನಾನು ತಗ್ಗಿದ ದನಿಯಲ್ಲಿ ತಿಳಿಸಿ ಹೇಳಿದೆ: ಕೋಣೆ ಇದ್ದವನು ಕೋಣೆಯೊಳಗೆ ಜಾರಿ ಬಿದ್ದರೆ ಅದು ಅವನ ಹಣೆಬರಹ. ಕೋಣೆ ಇಲ್ಲದವನಿಗೆ ಒಂದು ಗೀರು ಬಿದ್ದರೂ ಅದು ಉಗ್ರಾಣದ ಮೇಲೆ ಬರುತ್ತದೆ. ಮೊದಲು ನಮ್ಮನ್ನು ಸ್ವೀಕರಿಸಿದಾಗಿನ ಸ್ಥಿತಿಯನ್ನು ದಾಖಲಿಸಬೇಕು. ಇಲ್ಲದಿದ್ದರೆ ನಾಳೆ ತಪಾಸಣೆಗೆ ಬಂದವರು ಏನು ಕೇಳುತ್ತಾರೆ?

"ತಪಾಸಣೆ" ಎಂಬ ಶಬ್ದಕ್ಕೆ ಸಾಹೇಬರ ಇಸ್ತ್ರಿ ಒಮ್ಮೆ ಸಡಿಲಾಯಿತು. ತಕ್ಷಣ ನಮ್ಮ ಮಣಿಕಟ್ಟಿಗೆ ಒಂದೊಂದು ಚೀಟಿ ಕಟ್ಟಿಸಿದರು. ನನ್ನದರಲ್ಲಿ "ಸ್ವೀಕರಿಸಿದಾಗಿನ ಸ್ಥಿತಿ: ತೃಪ್ತಿಕರ. ಎಡ ಮೊಣಕಾಲಿನಲ್ಲಿ ಮೊದಲಿನಿಂದಲೂ ಸದ್ದಿದೆ" ಎಂದಿತ್ತು. ಹೆಂಡತಿಯದರಲ್ಲಿ "ಸ್ವೀಕರಿಸಿದಾಗಿನ ಸ್ಥಿತಿ: ಸಿಟ್ಟು" ಎಂದಷ್ಟೇ ಇತ್ತು.

ಇನ್ನು ನಮ್ಮನ್ನು ಎಲ್ಲಿ ಇಡುವುದು? ತೇವವಿರಬಾರದು, ಗಾಳಿ ಬೆಳಕು ಬೇಕು. ಇಡೀ ಹಡಗಿನಲ್ಲಿ ಈ ಎರಡೂ ಇರುವ ಜಾಗ ಒಂದೇ, ಮೇಲಂತಸ್ತಿನ ಗಾಜಿನ ಸಭಾಂಗಣ. ಅದು ಕಂಪನಿಯ ಮಾಲೀಕರು ಬಂದರೆ ಕೂರಲಿ ಎಂದು ಕಟ್ಟಿಸಿದ್ದು. ಮಾಲೀಕರಿಗೆ ಅಲೆ ಕಂಡರೆ ವಾಕರಿಕೆ, ಆದ್ದರಿಂದ ಅದರ ಸೋಫಾಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ತೆಗೆದಿರಲಿಲ್ಲ. ಸಾಹೇಬರೇ ನಿಂತು ತೆಗೆಸಿದರು. ನನ್ನ ಹೆಂಡತಿ ಗಾಜಿಗೆ ತಾಗಿದ ಸೋಫಾದ ಮೇಲೆ ಕಾಲು ಚಾಚಿ ಮಲಗಿ, ದಿಂಬಿಗೆ ತಲೆ ಕೊಟ್ಟು, ಪಕ್ಕಕ್ಕೆ ತಿರುಗಿದಳು. ನೆಲದಿಂದ ಚಾವಣಿಯವರೆಗೆ ಸಮುದ್ರ.

"ಹೂಂ," ಅಂದಳು.

ನಮ್ಮ ದಾಂಪತ್ಯದಲ್ಲಿ ನನಗೆ ಸಿಕ್ಕಿದ ಅತ್ಯುನ್ನತ ಪ್ರಶಸ್ತಿ ಅದು.

ಊಟದ ಮೇಜನ್ನು ಕೋಣೆಯ ನಂಬರಿನ ಪ್ರಕಾರ ಕೊಡುವುದು ಅಲ್ಲಿಯ ಪದ್ಧತಿ. ನಮಗೆ ನಂಬರಿಲ್ಲ, ಹಾಗಾಗಿ ಮೇಜಿಲ್ಲ, ಹಾಗಾಗಿ ಊಟವನ್ನು ನಾವು ಮಲಗಿದಲ್ಲಿಗೇ ತರಬೇಕಾಯಿತು. ಚಹಾ, ಹಣ್ಣಿನ ರಸ, ಬಟ್ಟೆ ಒಗೆಯುವುದು, ಇವುಗಳ ಬಿಲ್ಲು ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸತಕ್ಕದ್ದು ಎಂದು ನಿಯಮ. ನಮಗೆ ಬಾಗಿಲಿಲ್ಲ, ಬಾಗಿಲಿಲ್ಲದ ಮೇಲೆ ಸಂದಿಯೂ ಇಲ್ಲ. ಅಪಾಯ ಬಂದಾಗ ಯಾರು ಯಾವ ದೋಣಿ ಹತ್ತಬೇಕು ಎಂಬುದೂ ನಂಬರಿನ ಮೇಲೆಯೇ. ತರಬೇತಿಯ ದಿನ ನಾನು ನಮ್ಮ ದೋಣಿ ಯಾವುದು ಅಂತ ಕೇಳಿದೆ. ಸಾಹೇಬರು ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿ ಹಾಕಿ, "ನಿಮಗೆ ನಿಷೇಧವಿರೋ ದೋಣಿ ಯಾವ್ದೂ ಕಾಣಿಸ್ತಿಲ್ಲ" ಅಂದರು. ದೋಣಿಗಳನ್ನು ಕಾಯುವವನು ಬಂದು ನಮಗೆ ಎಲ್ಲ ದೋಣಿಗಳನ್ನೂ ಒಂದೊಂದಾಗಿ ಪರಿಚಯ ಮಾಡಿಕೊಟ್ಟ. ಸಂಜೆಗೊಮ್ಮೆ ಒಬ್ಬಾಕೆ ಬಂದು ನಮ್ಮ ಧೂಳು ಒರೆಸುತ್ತಿದ್ದಳು.

ಮಾರನೆಯ ದಿನ ಸಭಾಂಗಣದ ಒಳಗೋಡೆಯಲ್ಲಿದ್ದ ಒಂದು ಚಿಕ್ಕ ಕಿಟಕಿಯ ಪರದೆ ಸರಿಯಿತು. ಕಿಟಕಿಯಾಚೆ ನನ್ನ ಷಡ್ಡಕರ ಮುಖ. ಅದು ಅವರ ಖಚಿತ ಕಿಟಕಿ. ಕಂಪನಿ ಮಾತಿಗೆ ತಪ್ಪಿರಲಿಲ್ಲ. ಕಿಟಕಿ ಇತ್ತು, ಗಾಜಿತ್ತು, ಪರದೆಗೆ ಝಾಲರಿಯೂ ಇತ್ತು. ಅದರಿಂದ ನೋಡಿದರೆ ಸಮುದ್ರ ನೋಡುತ್ತಾ ಮಲಗಿರುವ ನನ್ನ ಹೆಂಡತಿಯ ತಲೆಯ ಹಿಂಭಾಗ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಕೈಬೀಸಿದೆ. ಪರದೆ ಮುಚ್ಚಿಕೊಂಡಿತು.

ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನುವಾಗಲೇ ಇಸ್ತ್ರಿ ಸಾಹೇಬರು ಒಂದು ಬೀಗದ ಕೈ ಹಿಡಿದು ಬಂದರು. ಮುಖದಲ್ಲಿ ಶುಭಸಮಾಚಾರ.

"ನಿಮಗೆ ಕೋಣೆ ಸಿಕ್ತು! ಕೆಳಗಿನ ಅಂತಸ್ತು, ಇಂಜಿನ್ ಮನೆ ಪಕ್ಕ. ಚಳಿಗೆ ಬೆಚ್ಚಗಿರುತ್ತೆ."

ಹೆಂಡತಿ ದಿಂಬಿನಿಂದ ತಲೆ ಎತ್ತಿದಳು. "ಕಿಟಕಿ?"

"ಒಳಕೋಣೆ ಮೇಡಂ. ಗಾಳಿಗೆ ಯಂತ್ರ ಇದೆ."

ಅವಳು ಎದ್ದು ಚಪ್ಪಲಿ ಹುಡುಕತೊಡಗಿದಳು. ಅಕ್ಕನ ಕೋಣೆಗೆ ಹೊರಡುವ ಸಿದ್ಧತೆ. ಅಂದರೆ ಸ್ವಲ್ಪ ಹೊತ್ತಿನಲ್ಲಿ ಷಡ್ಡಕರು ತಮ್ಮ ದಿಂಬು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆಗೆ ಹೊರಡುತ್ತಾರೆ. ಆಪತ್ತಿನಲ್ಲಿ ಮೆದುಳು ಚುರುಕಾಗುವುದು ನಮ್ಮ ವಂಶದ ಗುಣ.

"ಸ್ವಾಮಿ," ಅಂದೆ, "ವಾರಸುದಾರರಿಲ್ಲದ ವಸ್ತುವನ್ನ ಒಂದು ಕಡೆ ಸೇರಿಸೋ ಮುಂಚೆ ಸಾರ್ವಜನಿಕ ಪ್ರಕಟಣೆ ಕೊಡ್ಬೇಕಲ್ವಾ? ಯಾರಾದ್ರೂ ಆಕ್ಷೇಪಣೆ ಎತ್ತಿದ್ರೆ? ಆಮೇಲೆ ನಿಮ್ಮ ತಲೆಗೆ ಬರುತ್ತೆ."

ಸಾಹೇಬರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಅರ್ಧ ಗಂಟೆಯಲ್ಲಿ ಹಡಗಿನ ಧ್ವನಿವರ್ಧಕಗಳಲ್ಲಿ ಪ್ರಕಟಣೆ ಓದುವಾಕೆಯ ಇಂಪಾದ ದನಿ ಕೇಳಿಬಂತು:

"ಸಮಸ್ತ ಪ್ರಯಾಣಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೇಲಂತಸ್ತಿನ ಸಭಾಂಗಣದಲ್ಲಿ ಸುಸ್ಥಿತಿಯಲ್ಲಿ ಸಂರಕ್ಷಿಸಲ್ಪಟ್ಟಿರುವ ಒಂದು ದಂಪತಿಯನ್ನು, ಗಂಡು ಒಂದು, ಹೆಣ್ಣು ಒಂದು, ಕೆಳಗಿನ ಅಂತಸ್ತಿನ ಒಳಕೋಣೆಗೆ ಸೇರಿಸಲು ಉದ್ದೇಶಿಸಲಾಗಿದೆ. ಸದರಿ ದಂಪತಿ ತಮ್ಮದೆಂದು ಯಾರಾದರೂ ಭಾವಿಸಿದಲ್ಲಿ, ಅಥವಾ ಸದರಿ ಸೇರ್ಪಡೆಯಿಂದ ಯಾರಿಗಾದರೂ ನಷ್ಟವಾಗುವುದಿದ್ದಲ್ಲಿ, ಲಿಖಿತ ಆಕ್ಷೇಪಣೆ ಸಲ್ಲಿಸತಕ್ಕದ್ದು."

ನಮ್ಮನ್ನು ತಮ್ಮದೆಂದು ಯಾರೂ ಭಾವಿಸಲಿಲ್ಲ. ಆದರೆ ಷಡ್ಡಕರಿಗೆ ನನ್ನ ಹೆಂಡತಿಯ ಷರತ್ತು ಅತ್ತಿಗೆಯ ಮೂಲಕ ಮುಟ್ಟಿತ್ತು. ಅವರು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಓಡಿ ಬಂದು, ಬೆವರು ಒರೆಸಿಕೊಳ್ಳುತ್ತಾ ಬರೆದರು: "ಸದರಿ ದಂಪತಿಗೆ ಒಳಕೋಣೆ ಕೊಟ್ಟಲ್ಲಿ ಅವರಲ್ಲಿನ ಗಂಡಿನೊಂದಿಗೆ ನಾನು ವಾಸಿಸಬೇಕಾಗಿ ಬರುವುದರಿಂದ, ಮತ್ತು ಆತ ಹೇಳಿದ ಕಥೆಗಳನ್ನೇ ಹೇಳುವವನಾದ್ದರಿಂದ, ನನಗೆ ಭರಿಸಲಾಗದ ನಷ್ಟವಿದೆ."

ನನಗೆ ನೋವಾಯಿತು. ಹೇಳಿದ ಕಥೆಯನ್ನು ನಾನು ಎಂದೂ ಹಾಗೇ ಹೇಳುವುದಿಲ್ಲ, ಪ್ರತಿ ಸಲ ಇನ್ನಷ್ಟು ನಿಜ ಸೇರಿಸುತ್ತೇನೆ. ಆದರೂ ಸಾಹೇಬರ ಕಣ್ಣು ತಪ್ಪಿಸಿ ಷಡ್ಡಕರ ಕೈ ಕುಲುಕಿದೆ. ಆಕ್ಷೇಪಣೆ ಊರ್ಜಿತವಾಯಿತು. ಅದರ ವಿಚಾರಣೆಯನ್ನು ಯಾನ ಮುಗಿದ ನಂತರ ಪ್ರಧಾನ ಕಚೇರಿಯಲ್ಲಿ ನಡೆಸುವುದಾಗಿ ಆದೇಶವಾಯಿತು. ಅಲ್ಲಿಯವರೆಗೆ ದಂಪತಿಯನ್ನು ಈಗಿರುವ ಸ್ಥಿತಿಯಲ್ಲೇ ಸಂರಕ್ಷಿಸತಕ್ಕದ್ದು. ಹೆಂಡತಿ ಮತ್ತೆ ಮಲಗಿದಳು.

ತಪ್ಪು ಎಲ್ಲಾಯಿತೆಂದರೆ, ಆ ಪ್ರಕಟಣೆಯನ್ನು ಇಡೀ ಹಡಗು ಕೇಳಿಸಿಕೊಂಡಿತ್ತು. ಮೇಲೆ ಗಾಜಿನ ಸಭಾಂಗಣವಿದೆ, ಅಲ್ಲಿ ಕೆಲವರನ್ನು ಸುಸ್ಥಿತಿಯಲ್ಲಿ ಸಂರಕ್ಷಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಜನ ಬಂದು ಬಾಗಿಲ ಬಳಿ ನಿಂತು ನೋಡತೊಡಗಿದರು. ಮೊದಲು ಬಾಯಿ ಬಿಟ್ಟವರು ನಮ್ಮ ಅತ್ತಿಗೆಯೇ.

"ಅವಳು ಸಮುದ್ರ ನೋಡೋದು, ಅವಳು ನೋಡೋದನ್ನ ನಾನು ನೋಡೋದು! ಇದಕ್ಕಾ ಪೂರ್ತಿ ದುಡ್ಡು ಕೊಟ್ಟಿದ್ದು? ನಡೀರಿ, ನಮ್ಮ ಕೋಣೆ ವಾಪಸ್ ಕೊಟ್ಬಿಡೋಣ."

"ಖಚಿತವಾದದ್ದನ್ನ ಕೊಡೋದಾ?" ಅಂತ ಷಡ್ಡಕರು ಕುಸಿದು ಕೂತರು. ಅವರ ವೃತ್ತಿಜೀವನದಲ್ಲಿ ಇಂಥದ್ದು ನಡೆದಿರಲಿಲ್ಲ.

ಇಂಥ ಬೇಡಿಕೆ ಇನ್ನೂ ಹಲವರಿಂದ ಬಂದಾಗ ಸಾಹೇಬರು ಪ್ರಧಾನ ಕಚೇರಿಗೆ ತಂತಿ ಹೊಡೆದು ಮಾರ್ಗದರ್ಶನ ಕೋರಿದರು. ಪ್ರಧಾನ ಕಚೇರಿ ವಿಷಯವನ್ನು ಬಹಳ ಸಹಾನುಭೂತಿಯಿಂದ ಪರಿಶೀಲಿಸಿತು. ಫಲವಾಗಿ ಹೊಸ ಪ್ರಕಟಣೆ:

"ಖಚಿತ ವರ್ಗದಿಂದ ಅನಿರ್ದಿಷ್ಟ ವರ್ಗಕ್ಕೆ ಏರಲು ಇಚ್ಛಿಸುವ ಪ್ರಯಾಣಿಕರು ಖಚಿತತೆ ತ್ಯಾಗ ಶುಲ್ಕವನ್ನು ಪಾವತಿಸತಕ್ಕದ್ದು. ರಿಯಾಯಿತಿ ದರವು ಇಂದಿನಿಂದ ಪೂರ್ಣ ದರಕ್ಕಿಂತ ಹೆಚ್ಚಾಗಿರುತ್ತದೆ. ಇದು ಪ್ರಯಾಣಿಕರ ಉಳಿತಾಯದ ದೃಷ್ಟಿಯಿಂದ ಕೈಗೊಂಡ ಕ್ರಮ."

ಜನ ಉಳಿತಾಯ ಮಾಡಲು ಮುಗಿಬಿದ್ದರು. ಷಡ್ಡಕರೂ ಕಣ್ಣು ಮುಚ್ಚಿಕೊಂಡು ಕಟ್ಟಿದರು. ಒಂದೊಂದು ದಂಪತಿಯನ್ನೂ ಸಭಾಂಗಣಕ್ಕೆ ಸೇರಿಸುವ ಮುಂಚೆ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕಿತ್ತಲ್ಲ, ಪ್ರಕಟಣೆ ಓದುವಾಕೆ ಬೆಳಗ್ಗೆಯಿಂದ ಸಂಜೆಯವರೆಗೆ ಗಂಡು ಒಂದು, ಹೆಣ್ಣು ಒಂದು ಎಂದು ಓದುತ್ತಲೇ ಇದ್ದಳು. ಕೆಳಗೆ ಕೋಣೆಗಳು ಸಾಲಾಗಿ ಖಾಲಿ ಬಿದ್ದವು. ಖಾಲಿ ಬಿದ್ದದ್ದನ್ನು ಯಾರಿಗಾದರೂ ಕೊಡಬಹುದಲ್ಲ ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ, "ಅವೆಲ್ಲ ತ್ಯಜಿಸಿದ ಕೋಣೆಗಳು ಮೇಡಂ, ಖಾಲಿ ಕೋಣೆಗಳಲ್ಲ" ಅಂದರು ಸಾಹೇಬರು.

ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಸೋಫಾದಲ್ಲಿ ಮಲಗುವುದು ಹೋಗಿ ಕೂರುವುದಾಯಿತು, ಕೂರುವುದು ಹೋಗಿ ನಿಲ್ಲುವುದಾಯಿತು. ಗಾಜಿನ ಮುಂದೆ ತಲೆಗಳ ಮೇಲೆ ತಲೆ. ನನ್ನ ಹೆಂಡತಿಯ ಮುಂದೆ ಒಬ್ಬ ದಂತವೈದ್ಯರು ನಿಂತಿದ್ದರು, ಆನೆಯ ಮೈಕಟ್ಟಿನ ಮನುಷ್ಯ. ಅವಳು ಎಡಕ್ಕೆ ಬಾಗಿದರೆ ಅವರೂ ಎಡಕ್ಕೆ, ಬಲಕ್ಕೆ ಬಾಗಿದರೆ ಬಲಕ್ಕೆ. ಅವಳು ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ನಾನು ಸಾಮಾನ್ಯವಾಗಿ ಊರು ಬಿಡುತ್ತೇನೆ. ಇಲ್ಲಿ ಸುತ್ತ ನೀರು.

ನೂಕುನುಗ್ಗಲು ತಡೆಯಲು ಸಾಹೇಬರು ಸೀಮೆಸುಣ್ಣ ತರಿಸಿ ಸಭಾಂಗಣದ ನೆಲದ ಮೇಲೆ ಚೌಕಗಳನ್ನು ಎಳೆಸಿದರು. ಗಾಜಿನ ಪಕ್ಕದವಕ್ಕೆ ನಂಬರು ಬರೆಸಿದರು. ಆಮೇಲೆ ಒಬ್ಬೊಬ್ಬರ ಬಳಿಗೂ ಬಂದು ಕೇಳತೊಡಗಿದರು.

"ಖಚಿತ ಚೌಕ ಬೇಕಾ ಸರ್, ರಿಯಾಯಿತಿಯ ಅನಿರ್ದಿಷ್ಟ ಚೌಕ ಬೇಕಾ?"

ಮನುಷ್ಯನಿಗೆ ತತ್ವ ಅಂತ ಒಂದಿರಬೇಕು.

"ಅನಿರ್ದಿಷ್ಟ," ಅಂದೆ.

ಆಗ ನನ್ನ ಹೆಂಡತಿ ಬಾಯಿ ತೆರೆದಳು.

"ರೀ! ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡ್ಬಂದು ಹಲ್ಲಿನ ಡಾಕ್ಟ್ರ ಬೆನ್ನು ತೋರಿಸ್ತಿದ್ದೀರಲ್ಲ, ಇನ್ನೂ ನಿಮ್ಮ ರಿಯಾಯಿತಿ ಚಪಲ ಹೋಗಿಲ್ವಾ? ನನ್ನ ಜನ್ಮದಲ್ಲಿ ಒಂದು ಕಿಟಕಿ ಕೇಳಿದ್ದೆ, ಒಂದೇ ಒಂದು! ಅದನ್ನೂ ಅನಿರ್ದಿಷ್ಟ ಮಾಡಿದ್ರಲ್ಲ!"

ದಂತವೈದ್ಯರು ಬಾಯಿ ಮುಚ್ಚಿಕೊಂಡರು. ಕೆಳಗೆ ಇಂಜಿನ್ ಮನೆಯಲ್ಲಿದ್ದವರಿಗೂ ಮಾತು ಸ್ಪಷ್ಟವಾಗಿ ಕೇಳಿ, ಒಬ್ಬ ತನ್ನ ಹೆಂಡತಿ ಬಂದಳೆಂದು ತಿಳಿದು ಇಂಜಿನ್ನಿನ ವೇಗ ತಗ್ಗಿಸಿದನಂತೆ. ದೂರದಲ್ಲಿ ಹೋಗುತ್ತಿದ್ದ ಒಂದು ಸರಕು ಹಡಗು ದಾರಿ ಬಿಟ್ಟುಕೊಟ್ಟಿತು, ಇದನ್ನು ನಾನು ಕಣ್ಣಾರೆ ನೋಡಲಿಲ್ಲ, ಆದರೆ ಬಿಟ್ಟುಕೊಡದೆ ಇರಲು ಅದಕ್ಕೆ ಕಾರಣ ಕಾಣುವುದಿಲ್ಲ.

ಇಸ್ತ್ರಿ ಸಾಹೇಬರು ಜನರನ್ನು ಸರಿಸಿಕೊಂಡು ಓಡಿ ಬಂದರು. ಈಗ ನಮ್ಮನ್ನು ಇಬ್ಬರನ್ನೂ ದೋಣಿಗೆ ಹಾಕಿ ಕಳಿಸುತ್ತಾರೆ ಅಂದುಕೊಂಡೆ. ಹೇಗೂ ಎಲ್ಲ ದೋಣಿಗಳ ಪರಿಚಯವಿತ್ತು.

"ಮೇಡಂ," ಅಂದರು ಸಾಹೇಬರು ಕೈಮುಗಿದು, "ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀರಾ? ಅದೇ ಧ್ವನೀಲಿ."

ಪ್ರಕಟಣೆ ಓದುವಾಕೆಯ ಗಂಟಲು ಆ ಬೆಳಿಗ್ಗೆ ಪೂರ್ತಿ ಕಟ್ಟಿಹೋಗಿತ್ತು. ಇನ್ನೂ ಓದಬೇಕಾದ ಪ್ರಕಟಣೆಗಳು ರಾಶಿ ಬಿದ್ದಿದ್ದವು, ಅವನ್ನು ಓದದೆ ಯಾರನ್ನೂ ಎಲ್ಲಿಗೂ ಸೇರಿಸುವಂತಿರಲಿಲ್ಲ.

"ಪ್ರಕಟಣೆ ಓದೋ ಕೋಣೆಗೆ ಕಿಟಕಿ ಇದೆಯಾ?" ಅಂತ ಕೇಳಿದಳು ಹೆಂಡತಿ.

"ಹಡಗಿನ ಮೂತಿಯಲ್ಲಿದೆ ಮೇಡಂ. ಮೂರು ಕಡೆ ಗಾಜು."

"ಮಲಗೋಕೆ?"

"ಎರಡು ಮಂಚ. ಓದೋರಿಗೊಂದು, ಸಹಾಯಕರಿಗೊಂದು. ಆದ್ರೆ ಸಿಬ್ಬಂದಿಗೆ ಮಾತ್ರ. ಗಂಡಂದಿರಿಗೆ ಪ್ರವೇಶ ಇಲ್ಲ."

"ಅಕ್ಕಾ, ಬಾರೇ," ಅಂದಳು ನನ್ನ ಹೆಂಡತಿ.

ಇಬ್ಬರೂ ಹೋದರು. ಒಬ್ಬರೂ ತಿರುಗಿ ನೋಡಲಿಲ್ಲ.

ಇತ್ತ ಒಂದು ತಾಂತ್ರಿಕ ತೊಡಕು ಎದುರಾಯಿತು. ಸಭಾಂಗಣದ ಚೌಕಗಳೆಲ್ಲ ದಂಪತಿಗಳಿಗೆ. ನಾನು ಈಗ ಅರ್ಧ ದಂಪತಿ, ಷಡ್ಡಕರೂ ಅರ್ಧ. ಸಾಹೇಬರು ಎರಡು ಅರ್ಧಗಳನ್ನು ಕೂಡಿಸಿ ನೋಡಿದರು, ಲೆಕ್ಕ ಸರಿ ಬಂತು. ಜೇಬಿನಿಂದ ಆ ಒಳಕೋಣೆಯ ಬೀಗದ ಕೈ ತೆಗೆದರು. ಷಡ್ಡಕರು ತಮ್ಮ ಲಿಖಿತ ಆಕ್ಷೇಪಣೆಯನ್ನು ನೆನಪಿಸಿದರು.

"ನೀವು ಹೆದರಿದ್ದ ನಷ್ಟ ಈಗ ಸಂಭವಿಸಿಬಿಟ್ಟಿದೆ," ಅಂದರು ಸಾಹೇಬರು. "ಹಾಗಾಗಿ ಆಕ್ಷೇಪಣೆ ಮುಕ್ತಾಯ."

ವಿಮೆಯವರಾದ ಷಡ್ಡಕರಿಗೆ ಈ ತರ್ಕ ಬಹಳ ಪರಿಚಿತವಾಗಿತ್ತು. ದಿಂಬು ಎತ್ತಿಕೊಂಡರು.

ಒಳಕೋಣೆ ಹೇಗಿತ್ತೆಂದರೆ, ಒಬ್ಬರು ಅಂಗಿ ಹಾಕಿಕೊಳ್ಳುವಾಗ ಇನ್ನೊಬ್ಬರು ಹೊರಗೆ ನಿಲ್ಲಬೇಕು. ನಾಲ್ಕು ಕಡೆ ತಗಡಿನ ಗೋಡೆ, ಒಂದು ಗೋಡೆಯ ಮೇಲೆ ಊಟದ ತಟ್ಟೆಯಷ್ಟಗಲದ ಧ್ವನಿವರ್ಧಕ. ನಾವು ಮಂಚಗಳ ಮೇಲೆ ಎದುರುಬದುರಾಗಿ ಕೂತು ಮಂಡಿಗೆ ಮಂಡಿ ತಗುಲಿಸಿಕೊಂಡು ಒಬ್ಬರನ್ನೊಬ್ಬರು ನೋಡದಿರಲು ಪ್ರಯತ್ನಿಸುತ್ತಿದ್ದೆವು. ಆಗ ಗೋಡೆಯಿಂದ ನನ್ನ ಹೆಂಡತಿಯ ದನಿ ಬಂತು. ಉಳಿದಿದ್ದ ಪ್ರಕಟಣೆಗಳನ್ನೆಲ್ಲ ಅವಳು ಕತ್ತರಿ ಆಡಿಸಿದ ಹಾಗೆ ಸರಸರ ಓದಿ ಮುಗಿಸಿದಳು. ಆದರೆ ಕರ್ತವ್ಯದ ಅವಧಿಯಲ್ಲಿ ಮೈಕನ್ನು ಆರಿಸತಕ್ಕದ್ದಲ್ಲ ಎಂದು ಹಡಗಿನಲ್ಲೊಂದು ನಿಯಮವಿತ್ತು, ಅವಳು ನಿಯಮ ಮುರಿಯುವವಳಲ್ಲ.

"ಅಕ್ಕಾ," ಅಂದಳು, ಇಡೀ ಹಡಗಿಗೆ ಕೇಳುವಂತೆ, "ನೋಡೇ ಇಲ್ಲಿ. ನೀಲಿ ಬಟ್ಟೆ ಥಾನನ್ನ ಯಾರೋ ಒಂದೇ ಸಲ ಬಿಚ್ಚಿ ಎಸೆದ ಹಾಗಿದೆ ಅಲ್ವೇನೇ? ಎಷ್ಟು ದೂರ ನೋಡಿದ್ರೂ ಎಲ್ಲೂ ಜೋಡಿಸಿಲ್ಲ. ಎಲ್ಲೂ ಕತ್ತರಿಸಿಲ್ಲ. ಅಲ್ಲಿ ಅಂಚಲ್ಲಿ ನೋಡು, ಬೆಳ್ಳಿ ದಾರ. ಅಯ್ಯೋ, ಈಗ ಬಣ್ಣ ಬದಲಾಯ್ತು. ನಾನು ಇಷ್ಟು ವರ್ಷ ಇಂಥ ಬಟ್ಟೆ ನೋಡೇ ಇರ್ಲಿಲ್ಲ ಕಣೇ."

ಆಮೇಲೆ ಮೂಗು ಒರೆಸಿಕೊಂಡ ಸದ್ದು ಬಂತು, ಯಾರದೋ ತಿಳಿಯಲಿಲ್ಲ. ಇಂಜಿನ್ ಶಬ್ದಕ್ಕೆ ನನ್ನ ಕಣ್ಣಲ್ಲೂ ಸ್ವಲ್ಪ ನೀರು ಬರುತ್ತದೆ, ಅದು ಮೊದಲಿನಿಂದಲೂ ಇದೆ, ಚೀಟಿಯಲ್ಲಿ ಬರೆಯುವುದು ಬಿಟ್ಟುಹೋಗಿತ್ತು.

ಅವಳು ನೋಡುತ್ತಲೇ ಹೋದಳು, ಹೇಳುತ್ತಲೇ ಹೋದಳು. ಮೇಲೆ ಸಭಾಂಗಣದಲ್ಲಿ ತಲೆಗಳ ಹಿಂದೆ ನಿಂತವರು ಇಣುಕುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡರಂತೆ, ಹಾಗೆ ಚೆನ್ನಾಗಿ ಕಾಣುತ್ತದೆ ಎಂದು. ಗಾಜಿನ ಪಕ್ಕದ ಖಚಿತ ಚೌಕದವರೂ ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿದರು. ಕ್ಯಾಪ್ಟನ್ನರು ತಮ್ಮ ದುರ್ಬೀನು ಪೆಟ್ಟಿಗೆಯಲ್ಲಿಟ್ಟು, "ಎಡಗಡೆ ಒಂದು ಮಡಿಕೆ ಬರ್ತಾ ಇದೆ" ಅಂತ ನನ್ನ ಹೆಂಡತಿ ಅಂದಾಗ ಹಡಗನ್ನು ಸ್ವಲ್ಪ ಬಲಕ್ಕೆ ತಿರುಗಿಸುತ್ತಿದ್ದರು.

ಪ್ರಧಾನ ಕಚೇರಿ ಇಂಥದ್ದನ್ನು ಕಡೆಗಣಿಸುವುದಿಲ್ಲ. ಮರುದಿನವೇ ಸುತ್ತೋಲೆ ಬಂತು. ಹಡಗಿನಲ್ಲಿ ಧ್ವನಿವರ್ಧಕವಿರುವ ಪ್ರತಿಯೊಂದು ಒಳಕೋಣೆಯನ್ನೂ ಇನ್ನು ಮುಂದೆ ಕಿಟಕಿ ಸಹಿತ ಸಮುದ್ರಮುಖಿ ಕೋಣೆಯೆಂದು ಪರಿಗಣಿಸತಕ್ಕದ್ದು, ತದನುಸಾರ ದರ ವಸೂಲಿ ಮಾಡತಕ್ಕದ್ದು. ಕಣ್ಣಿನಿಂದಲೇ ನೋಡಬಯಸುವವರು ರಿಯಾಯಿತಿ ದರದಲ್ಲಿ ಡೆಕ್ಕಿನ ಮೇಲೆ ನಿಲ್ಲಬಹುದು, ಆದರೆ ಏನು ಕಾಣುತ್ತದೆ ಎಂಬುದಕ್ಕೆ ಕಂಪನಿ ಹೊಣೆಯಲ್ಲ. ಯಾರೂ ತಕರಾರು ಎತ್ತಲಿಲ್ಲ. ತ್ಯಜಿಸಿದ್ದ ಕೋಣೆಗಳಿಗೆ ಜನ ಮತ್ತೆ ದುಡ್ಡು ಕಟ್ಟಿ, ಪೆಟ್ಟಿಗೆ ಎಳೆದುಕೊಂಡು ಇಳಿದರು. ದಂತವೈದ್ಯರು ನಮ್ಮ ಪಕ್ಕದ ಒಳಕೋಣೆಯನ್ನೇ ಬೇಡಿ ಪಡೆದರು. ಅಲ್ಲಿಯ ಧ್ವನಿವರ್ಧಕ ಸ್ವಲ್ಪ ದೊಡ್ಡದಂತೆ.

ಗಾಜಿನ ಸಭಾಂಗಣದ ಸೋಫಾಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬೀಗ ಹಾಕಲಾಯಿತು. ಇಸ್ತ್ರಿ ಸಾಹೇಬರು ಖುದ್ದಾಗಿ ಒಂದೊಂದೇ ಕೋಣೆಗೆ ಬಂದು ಧ್ವನಿವರ್ಧಕದ ಸುತ್ತ ಬಣ್ಣದಲ್ಲಿ ಕಿಟಕಿ ಚೌಕಟ್ಟು ಬರೆಸಿ, ಎರಡೂ ಬದಿಗೆ ಪರದೆ ತೂಗಿಸಿ ಹೋದರು. ಷಡ್ಡಕರು ಹೆಚ್ಚುವರಿ ದುಡ್ಡನ್ನು ನಗುನಗುತ್ತ ಕಟ್ಟಿದರು, ಕಿಟಕಿ ಖಚಿತವೆಂದು ಬರವಣಿಗೆಯಲ್ಲಿ ಸಿಕ್ಕಿತ್ತಲ್ಲ. ಪರದೆ ಸರಿಸಿ, ದಿಂಬಿಗೆ ತಲೆ ಕೊಟ್ಟು ಮಲಗಿದರು. ನಾನು ನೀರು ಕುಡಿಯಲು ಎದ್ದು ನಿಂತೆ.

"ಸ್ವಲ್ಪ ಆಚೆ ಸರೀರಿ ಷಡ್ಡಕರೇ," ಅಂದರು, "ಸಮುದ್ರ ಕಾಣಿಸ್ತಿಲ್ಲ."

ಕ್ಷಮಿಸಿ ಅಂದು ಸರಿದೆ.